ಹೊಗೆಯ ಹಂಗು ತೊರೆಯುವುದಕ್ಕೆ ಜೊತೆ

“ನಾಳೆಯಿಂದ ಸೇದುವುದಿಲ್ಲ” ಎಂದು ಎಷ್ಟೋ ತರುಣರು ಪ್ರತಿಜ್ಞೆಮಾಡುವುದುಂಟು. ಮೂರನೆಯ ದಿನಕ್ಕೆ ಅದು ಮುರಿದರೆ, ತಮ್ಮ ಮನಸ್ಸೇ ದುರ್ಬಲವೆಂದು ಹಳಿದುಕೊಂಡು ಪುನಃ ಬೆಂಕಿಪೊಟ್ಟಣಕ್ಕೆ ಕೈನೀಡುವರು. ಈ ಆತ್ಮನಿಂದೆಗೆ ಆಧಾರವಿಲ್ಲವೆಂದು ಶರೀರಶಾಸ್ತ್ರವೇ ಹೇಳುತ್ತದೆ.

ಹೊಗೆಸೊಪ್ಪಿನಲ್ಲಿ ನಿಕೋಟಿನ್ ಎಂಬ ದ್ರವ್ಯವುಂಟು. ಹೊಗೆಯನ್ನು ಒಳಗೆಳೆದ ಕೆಲವೇ ಸೆಕೆಂಡುಗಳಲ್ಲಿ ಅದು ಮಿದುಳನ್ನು ಮುಟ್ಟಿ ಕ್ಷಣಿಕವಾದ ಹಿತವನ್ನುಂಟುಮಾಡುತ್ತದೆ. ಇದಕ್ಕೆ ಒಗ್ಗಿದ ಮಿದುಳು, ಅದು ದೊರೆಯದಾಗ ಸಿಡುಕು, ಚಡಪಡಿಕೆ, ನಿದ್ರಾಭಂಗಗಳ ಮೂಲಕ ಅದನ್ನು ಬೇಡುತ್ತದೆ. ಮೊದಲ ಎರಡು ಮೂರು ದಿನಗಳಲ್ಲಿ ಈ ಬಾಧೆ ಉಲ್ಬಣಿಸಿ, ಕೆಲವು ವಾರಗಳಲ್ಲಿ ತಗ್ಗುತ್ತದೆ. ಆದುದರಿಂದ ಮೂರನೆಯ ದಿನ ಸೋತವನು ಏರಿನ ತುದಿಯವರೆಗೆ ಹತ್ತಿ, ಇಳಿಜಾರು ಕಾಣುವ ಮೊದಲೇ ಹಿಂದಿರುಗಿದವನು. ಅವನಿಗೆ ಬೇಕಾದುದು ಜೊತೆಗಾರರು.

ಜೊತೆಯ ಬಲವನ್ನು ಧರ್ಮಸ್ಥಳದವರು ಚೆನ್ನಾಗಿ ಅರಿತಿದ್ದಾರೆ. ಅಲ್ಲಿಯ ಜನಜಾಗೃತಿ ವೇದಿಕೆಯು ಕುಡಿತಕ್ಕೆ ಸಿಕ್ಕಿದವರಿಗಾಗಿ ಊರೂರುಗಳಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರಗಳನ್ನು ನಡೆಯಿಸುತ್ತದೆ. ಶಿಬಿರ ಮುಗಿದ ಬಳಿಕವೂ ಅವರನ್ನು ಒಂಟಿಯಾಗಿ ಬಿಡದೆ ನವಜೀವನ ಸಮಿತಿಗಳಲ್ಲಿ ಕೂಡಿಸುವರು. ಮೊದಲು ಬಿಟ್ಟವನು ಈಗ ಬಿಡುತ್ತಿರುವವನಿಗೆ ಆಸರೆಯಾಗುವನು. ಮದ್ಯ ಬೇರೆ, ಹೊಗೆ ಬೇರೆ. ಬಿಡುವ ಮಾರ್ಗದ ಕಷ್ಟವು ಮಾತ್ರ ಒಂದೇ ಬಗೆಯದು.

ಬಂಟ್ವಾಳ, ಬೆಳ್ತಂಗಡಿಗಳ ಕಡೆ ಬೀಡಿ ಕಟ್ಟಿಯೇ ಸಂಸಾರ ಸಾಗಿಸಿದ ಮನೆಗಳು ಅನೇಕ. ಹೀಗೆ ಮನೆಯ ಜಗಲಿಯಲ್ಲೇ ಕಂಡ ವಸ್ತುವೆಂದು ಬೀಡಿಯನ್ನು ಹಗುರವಾಗಿ ಎಣಿಸಬಾರದು. ಅದರ ಹೊಗೆಯು ಸಿಗರೇಟಿನದಕ್ಕಿಂತ ಕಡಿಮೆ ಅಪಾಯದ್ದಲ್ಲ.

ಹೊಗೆ ಬಿಡಬೇಕೆನ್ನುವವರಿಗೆ ಜೊತೆ ಎಲ್ಲಿ ದೊರೆತೀತು? ಭಾರತ ಸರ್ಕಾರವು 2016ರಲ್ಲಿ ಇದಕ್ಕಾಗಿಯೇ ದೂರವಾಣಿಯ ಸಲಹಾಸೇವೆಯನ್ನು ಆರಂಭಿಸಿತು. ಅದರ ಸಂಖ್ಯೆ 1800-11-2356, ಕರೆಗೆ ಶುಲ್ಕವಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಈ ಸೇವೆಯಲ್ಲಿ ಸೇರಿದ್ದು, ಕನ್ನಡದಲ್ಲಿಯೇ ಮಾತನಾಡಬಹುದು. ಬಿಡುವ ದಿನವನ್ನು ಗೊತ್ತುಮಾಡುವುದು, ಬಯಕೆ ಕೆರಳಿದ ಕೆಲವು ನಿಮಿಷಗಳನ್ನು ದಾಟಿಸುವುದು, ಇವೆಲ್ಲಕ್ಕೂ ಅಲ್ಲಿ ಸಲಹೆಯುಂಟು. ವೈದ್ಯರನ್ನು ಕಂಡರೆ, ಬಾಧೆಯನ್ನು ತಗ್ಗಿಸುವ ನಿಕೋಟಿನ್ ಚೂಯಿಂಗ್ ಗಮ್ಮನ್ನೋ ಮಾತ್ರೆಯನ್ನೋ ತಕ್ಕ ಪ್ರಮಾಣದಲ್ಲಿ ಸೂಚಿಸುವರು.

ತಾರುಣ್ಯದಲ್ಲಿಯೇ ಬಿಡುವುದರ ಲಾಭ ಸಣ್ಣದಲ್ಲ. 40 ವರ್ಷ ತುಂಬುವ ಮೊದಲೇ ಬಿಟ್ಟವರು, ಸೇದುತ್ತಲೇ ಇದ್ದರೆ ಬರಬಹುದಾಗಿದ್ದ ಅಕಾಲಮರಣದ ಅಪಾಯದಲ್ಲಿ ನೂರಕ್ಕೆ ಸುಮಾರು 90 ಪಾಲನ್ನು ತಪ್ಪಿಸಿಕೊಳ್ಳುವರೆಂದು ಸಂಶೋಧನೆಗಳು ತೋರಿಸಿವೆ. ಒಮ್ಮೆ ಎಡವಿದರೆ ಮರುದಿನವೇ ಮತ್ತೆ ಕರೆಮಾಡಿರಿ. ಕಾಯಿಲೆಗೆ ವೈದ್ಯರ ಬಳಿ ಹೋಗುವುದಕ್ಕೆ ನಾಚದವರು ಇದಕ್ಕೇಕೆ ನಾಚಬೇಕು?