ಲೋಕಾಪುರದ ಕಬ್ಬಿನ ಡಬ್ಬಿ, ಮುಂಬೈ ಹೈ ಹಡಗು

ನಮ್ಮ ಲೋಕಾಪುರದಲ್ಲಿ ರಿಗ್ ಅಂದ್ರೆ ಬೋರ್‌ವೆಲ್ ಲಾರಿ. ಹೆಚ್ಚಾಗಿ ತಮಿಳುನಾಡಿನ ತಿರುಚೆಂಗೋಡ್ ಕಡೆಯ ಗಾಡಿ. ರಾತ್ರಿ ಹೊಲದಲ್ಲಿ ನಿಂತು ಕೊರೆಯೋಕೆ ಶುರು ಮಾಡಿದ್ರೆ ಸುತ್ತಲಿನ ಯಾರಿಗೂ ನಿದ್ದೆ ಇಲ್ಲ. ನಮ್ಮ ಹೊಲದಲ್ಲಿ ಬೋರ್ ಹಾಕಿಸಿದಾಗ ಮೇಲಿನ ಮಣ್ಣು ನಾವು ಅಂದ್ಕೊಂಡಿದ್ದಕ್ಕಿಂತ ಆಳಕ್ಕಿತ್ತು, ಕೇಸಿಂಗ್ ಪೈಪ್ ಸಾಲಲಿಲ್ಲ. ರಾತ್ರಿ ಒಂದು ಗಂಟೆ. ಏಜೆಂಟ್ ಯಾರಿಗೋ ಫೋನ್ ಹಚ್ಚಿದ, ಮುಧೋಳದಲ್ಲಿ ಒಬ್ಬ ಅಂಗಡಿಯವರನ್ನ ಎಬ್ಬಿಸಿ, ಪಿಕಪ್ ಕಳಿಸಿ, ಪೈಪ್ ಬರೋ ಹೊತ್ತಿಗೆ ಬೆಳಗಿನ ನಾಲ್ಕು. ಅಲ್ಲಿವರೆಗೂ ರಿಗ್ಗು, ಅದರ ಜನ, ನಾವು, ಎಲ್ಲರೂ ಸುಮ್ಮನೆ ನಿಂತಿದ್ವಿ. "ಎರಡು ಪೈಪ್ ಹೆಚ್ಚಿಗೆ ತರಾಕ ಏನಾಗಿತ್ತು ನಿಮಗ?" ಅಂತ ಕಾಕಾ ಬೈದದ್ದು ಮಾತ್ರ ಇವತ್ತಿಗೂ ಕಿವಿಯಲ್ಲಿದೆ.

ಈ ಬೋರನ್ನೇ ಎತ್ತಿ ಸಮುದ್ರದ ನಡುವೆ ಇಡಿ. ಮುಂಬೈ ಹೈ ತೈಲಕ್ಷೇತ್ರ ಮುಂಬೈ ತೀರದಿಂದ ಸುಮಾರು 160 ಕಿಲೋಮೀಟರ್ ಪಶ್ಚಿಮಕ್ಕಿದೆ. 1974ರಲ್ಲಿ ಸಾಗರ್ ಸಮ್ರಾಟ್ ಅನ್ನೋ ರಿಗ್ ಅಲ್ಲಿ ಎಣ್ಣೆ ಕಂಡುಹಿಡಿಯಿತು, 1976ರಲ್ಲಿ ಉತ್ಪಾದನೆ ಶುರುವಾಯ್ತು. ಅಲ್ಲಿ ರಾತ್ರಿ ಒಂದು ಗಂಟೆಗೆ ಪೈಪ್ ಸಾಲದೆ ಹೋದರೆ ಎಬ್ಬಿಸೋಕೆ ಅಂಗಡಿಯವರಿಲ್ಲ. ಸಾಮಾನು ತರೋ ಹಡಗು 10 ನಾಟ್ ವೇಗದಲ್ಲಿ, ಅಂದ್ರೆ ಗಂಟೆಗೆ 18.5 ಕಿ.ಮೀ. ಲೆಕ್ಕದಲ್ಲಿ ಬಂದರೂ ಎಂಟೂವರೆ ತಾಸು ಬೇಕು. (ಎರಡು ಡಬ್ಬಿ ತುಂಬಿದ ಕಬ್ಬಿನ ಟ್ರ್ಯಾಕ್ಟರ್ ಕೂಡ ಹೆಚ್ಚೂ ಕಡಿಮೆ ಅದೇ ವೇಗದಲ್ಲಿ ಹೋಗುತ್ತೆ. ಅದರ ಹಿಂದೆ ಬೈಕಿನಲ್ಲಿ ಸಿಕ್ಕಿಹಾಕಿಕೊಂಡವರಿಗೆ ಗೊತ್ತು.) ಇಂಥ ರಿಗ್ಗಿನ ಬಾಡಿಗೆ ದಿನಕ್ಕೆ ಹತ್ತಾರು ಲಕ್ಷ ರೂಪಾಯಿ. ರಿಗ್ ಸುಮ್ಮನೆ ನಿಂತರೂ ಬಾಡಿಗೆ ನಿಲ್ಲಲ್ಲ.

ಹಾಗಾಗಿ ಇಂಥ ದೂರದ ಜಾಗಗಳಿಗೆ ಸಾಮಾನು ಕಳಿಸೋದಕ್ಕೆ ಅಂತಲೇ ಬೇರೆ ಸಾಫ್ಟ್‌ವೇರ್ ಇದೆ. ಎಸ್‌ಎಪಿ ಕಂಪನಿಯ ತೈಲ-ಅನಿಲ ಪ್ಯಾಕೇಜಿನಲ್ಲಿ ರಿಮೋಟ್ ಲಾಜಿಸ್ಟಿಕ್ಸ್ ಮ್ಯಾನೇಜ್‌ಮೆಂಟ್ ಅಂತ ಒಂದು ಭಾಗವೇ ಇದೆ. ಈ ಸೆಮಿಸ್ಟರ್ ಡಿಬಿಎಂಎಸ್ ಮಿನಿ ಪ್ರಾಜೆಕ್ಟಿಗೆ ನಾವು ಮೂವರು ಅದರದ್ದೇ ಒಂದು ಪುಟ್ಟ ನಕಲು ಮಾಡೋಕೆ ಹೊರಟೆವು. ಲೈಬ್ರರಿ ಮ್ಯಾನೇಜ್‌ಮೆಂಟ್, ಹಾಸ್ಟೆಲ್ ಮ್ಯಾನೇಜ್‌ಮೆಂಟ್ ಎರಡೂ ಬೇರೆ ಟೀಮಿನವರು ಹಿಡಿದುಕೊಂಡಿದ್ರು ಅನ್ನೋದು ನಿಜವಾದ ಕಾರಣ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು ನಾವು, ಒತ್ತಕ್ಷರ ತಪ್ಪಿದ್ದರೆ ಕ್ಲಬ್ಬಿನವರು ತಿದ್ದಿಕೊಳ್ಳಲಿ.

ಮೊದಲು ಏನೇನು ಹೋಗುತ್ತೆ ಅಂತ ನೋಡೋಣ. ಕೊರೆಯೋ ಪೈಪು, ಕೇಸಿಂಗು, ಡೀಸೆಲ್ಲು, ಕುಡಿಯೋ ನೀರು, ಕೊರೆಯೋಕೆ ಬೇಕಾದ ನೀರು, ಅಲ್ಲಿರೋ ಜನಕ್ಕೆ ಅಕ್ಕಿ, ತರಕಾರಿ. ಬಾವಿಯ ಗೋಡೆಗೆ ಸಿಮೆಂಟ್ ಕೂಡ ಹೋಗುತ್ತೆ. ನಮ್ಮೂರ ಸುತ್ತ ಸಿಮೆಂಟ್ ಫ್ಯಾಕ್ಟರಿಗಳಿವೆ, ಹಾಗಾಗಿ ನಮಗೆ ಖುಷಿ ಆಗಿತ್ತು, ಆದರೆ ಮನೆ ಕಟ್ಟೋ ಸಿಮೆಂಟ್ ಅಲ್ಲಿ ನಡೆಯಲ್ಲ. ಆಳದ ಬಿಸಿ, ಒತ್ತಡ ತಡೆಯೋಕೆ ಕ್ಲಾಸ್ ಜಿ ಅನ್ನೋ ಬೇರೆ ತರಹದ್ದು ಬೇಕು. ಇನ್ನೊಂದು ಬ್ಯಾರೈಟ್, ಬಹಳ ಭಾರದ ಖನಿಜ. ಪುಡಿ ಮಾಡಿ ಕೊರೆಯೋ ಕೆಸರಿಗೆ ಸೇರಿಸ್ತಾರೆ. ಆ ಕೆಸರಿನ ಭಾರವೇ ಕೆಳಗಿನ ಗ್ಯಾಸ್ ಮೇಲೆ ಚಿಮ್ಮದಂತೆ ಅದುಮಿ ಹಿಡಿಯೋದು. ನಮ್ಮ ದೇಶದ ದೊಡ್ಡ ಬ್ಯಾರೈಟ್ ಗಣಿ ಆಂಧ್ರದ ಮಂಗಂಪೇಟೆಯಲ್ಲಿದೆ. ಅಂದ್ರೆ ಕಡಪದ ಕಡೆಯ ಕಲ್ಲು ಪುಡಿಯಾಗಿ ಅರಬ್ಬೀ ಸಮುದ್ರದ ತಳಕ್ಕೆ ಹೋಗುತ್ತೆ. ಬ್ಯಾರೈಟ್ ಮುಗಿದು ಹೋದರೆ ಕೆಲಸ ನಿಲ್ಲೋದಷ್ಟೇ ಅಲ್ಲ, ಬಾವಿ ಕೈ ಮೀರಬಹುದು.

ಸಾಮಾನಿನ ಬೇಡಿಕೆ ರಿಗ್ಗಿನಿಂದ ಶುರುವಾಗುತ್ತೆ: ಇಂಥದ್ದು, ಇಷ್ಟು, ಇಂಥ ದಿನದೊಳಗೆ. ದಡದಲ್ಲಿ ಒಂದು ಸಪ್ಲೈ ಬೇಸ್ ಇರುತ್ತೆ. ಮುಂಬೈ ಹೈಗೆ ಓಎನ್‌ಜಿಸಿಯದ್ದು ನ್ಹಾವಾದಲ್ಲಿದೆ, ಮುಂಬೈಗೆ ಎದುರಿನ ದಡದಲ್ಲಿ, ಉರಣ್ ಹತ್ತಿರ. ಅಲ್ಲಿ ಸ್ಟಾಕ್ ನೋಡಿ, ಕಂಟೇನರಿಗೆ ತುಂಬಿ, ಪಟ್ಟಿ ಮಾಡಿ, ಹಡಗಿಗೆ ಏರಿಸ್ತಾರೆ. ಪೈಪು, ಕಂಟೇನರು ಡೆಕ್ ಮೇಲೆ. ನೀರು, ಡೀಸೆಲ್, ಸಿಮೆಂಟ್ ಪುಡಿ, ಬ್ಯಾರೈಟ್ ಕೆಳಗಿನ ಟ್ಯಾಂಕುಗಳಲ್ಲಿ. ವಾಪಸ್ ಬರೋವಾಗ ಖಾಲಿ ಬರಲ್ಲ. ಕಸ, ರಿಪೇರಿಗೆ ಬಂದ ಪಂಪು, ಖಾಲಿ ಕಂಟೇನರು ಎಲ್ಲವೂ ದಡಕ್ಕೆ ಬರಬೇಕು, ಸಮುದ್ರಕ್ಕೆ ಚೆಲ್ಲೋ ಹಾಗಿಲ್ಲ.

ನಮ್ಮ ಲೆಕ್ಕ ಮೊದಲು ತಪ್ಪಿದ್ದು ಇಲ್ಲೇ. ನಾವು ಬರೀ ದೂರ ನೋಡಿ ಹಡಗಿನ ದಾರಿ ಹಾಕಿದ್ವಿ. ಒಂದು ಹಡಗಿನ ಡೆಕ್ಕಿನಲ್ಲಿ 20 ಕಂಟೇನರಿಗೆ ಜಾಗ ಇದೆ, 18 ತುಂಬಿದೀವಿ ಅನ್ಕೊಳ್ಳಿ. ಮೂರು ಪ್ಲಾಟ್‌ಫಾರಂ. ಮೊದಲನೆಯದು ಎಲ್ಲಕ್ಕಿಂತ ಹತ್ತಿರ: 5 ಇಳಿಸಬೇಕು, 9 ಹೇರಿಕೊಳ್ಳಬೇಕು. ಅಲ್ಲಿಗೇ ಮೊದಲು ಹೋದರೆ 18ರಲ್ಲಿ 5 ಕಳೆದು 9 ಕೂಡಿಸಿ 22. ಜಾಗವೇ ಇಲ್ಲ! ಎರಡನೆಯದಕ್ಕೆ ಮೊದಲು ಹೋಗಿ 8 ಇಳಿಸಿ 2 ಹೇರಿದರೆ 12 ಆಗುತ್ತೆ. ಆಮೇಲೆ ಮೊದಲನೆಯದಕ್ಕೆ ಬಂದರೆ 16. ಕೊನೆಗೆ ಮೂರನೆಯದರಲ್ಲಿ 5 ಇಳಿಸಿ 3 ಹೇರಿ 14. ದಾರಿ ಉದ್ದ ಆಯ್ತು, ಆದರೆ ಕೆಲಸ ಆಯ್ತು. ಇದರ ಜೊತೆಗೆ ಮೊದಲು ಇಳಿಸಬೇಕಾದದ್ದು ಬೇರೆಯದರ ಅಡಿಗೆ ಸಿಕ್ಕಿಹಾಕಿಕೊಂಡಿರಬಾರದು. ಡೇಟಾ ಸ್ಟ್ರಕ್ಚರ್ಸ್ ಕ್ಲಾಸಿನಲ್ಲಿ ಸ್ಟ್ಯಾಕ್ ಅಂದಾಗ ಎಲ್ಲರೂ ಊಟದ ತಟ್ಟೆ ಉದಾಹರಣೆ ಕೊಡ್ತಾರೆ, ನಮ್ಮ ಪ್ರಕಾರ ಹಡಗಿನ ಡೆಕ್ ಇನ್ನೂ ಒಳ್ಳೆಯ ಉದಾಹರಣೆ.

ಮೂರು ಜಾಗಕ್ಕೆ ಕೈಯಲ್ಲೇ ಲೆಕ್ಕ ಹಾಕಬಹುದು. ಹತ್ತು ಪ್ಲಾಟ್‌ಫಾರಂ ಇದ್ದರೆ ಹೋಗೋ ಕ್ರಮಗಳೇ 36,28,800. ಹದಿನೈದಾದರೆ ಒಂದು ಲಕ್ಷ ಮೂವತ್ತು ಸಾವಿರ ಕೋಟಿಗೂ ಹೆಚ್ಚು. ಎಲ್ಲವನ್ನೂ ಒಂದೊಂದಾಗಿ ನೋಡೋಕಾಗಲ್ಲ, ಹಾಗಾಗಿ ಸಾಫ್ಟ್‌ವೇರ್ ಒಂದು ಪರವಾಗಿಲ್ಲ ಅನ್ನೋ ದಾರಿ ಹಿಡಿದು, ಅದರಲ್ಲೇ ಅದಲು ಬದಲು ಮಾಡ್ತಾ ಸುಧಾರಿಸುತ್ತೆ. ಇದಕ್ಕೆ ವೆಹಿಕಲ್ ರೂಟಿಂಗ್ ಪ್ರಾಬ್ಲಂ ಅಂತಾರೆ. 1959ರಲ್ಲಿ ಜಾರ್ಜ್ ಡಾನ್‌ಜಿಗ್ ಮತ್ತು ಜಾನ್ ರಾಮ್ಸರ್ ಇದನ್ನ ಮೊದಲು ಗಣಿತವಾಗಿ ಬರೆದಾಗ ತೆಗೆದುಕೊಂಡ ಉದಾಹರಣೆ ಯಾವುದು ಗೊತ್ತಾ? ಡಿಪೋದಿಂದ ಬಂಕುಗಳಿಗೆ ಪೆಟ್ರೋಲ್ ಹಂಚೋ ಲಾರಿಗಳು. ಅಂದ್ರೆ ಈ ಲೆಕ್ಕ ಹುಟ್ಟಿದ್ದೇ ಎಣ್ಣೆಯ ಮನೆಯಲ್ಲಿ.

ಆದರೆ ದಾರಿ ಹುಡುಕೋದಕ್ಕಿಂತ ಕಷ್ಟದ ಒಂದು ವಿಷಯ ಇದೆ. ಅದು ನಮಗೆ ತಿಳಿದದ್ದು ಪುಸ್ತಕದಿಂದಲ್ಲ, ನಮ್ಮ ಮನೆಯ ಕಬ್ಬಿನಿಂದ.

ಕಳೆದ ಹಂಗಾಮಿನಲ್ಲಿ ನಮ್ಮ ಪಾಳಿ ಬಂತು. ಮುಕಾದಮ ಟೋಳಿ ಕರೆದುಕೊಂಡು ಬಂದ, ಹೊಲ ಪೂರ್ತಿ ಕಡಿದು ಕೆಡವಿದರು. ಎರಡು ಡಬ್ಬಿ ತುಂಬಿ ಟ್ರ್ಯಾಕ್ಟರ್ ಹೋಯ್ತು. ಮಿಕ್ಕಿದ್ದಕ್ಕೆ ಸಂಜೆ ಗಾಡಿ ಬರುತ್ತೆ ಅಂದ್ರು. ಸಂಜೆ ಬರಲಿಲ್ಲ, ಮರುದಿನವೂ ಬರಲಿಲ್ಲ. ಕಡಿದ ಕಬ್ಬನ್ನ 24 ತಾಸಿನೊಳಗೆ ಅರೆದರೆ ಒಳ್ಳೆಯದು. ಆಮೇಲೆ ನೀರು ಆರಿ ತೂಕ ಇಳಿಯುತ್ತೆ, ಒಳಗಿನ ಸಕ್ಕರೆಯೂ ಒಡೆಯೋಕೆ ಶುರುವಾಗುತ್ತೆ. ತೂಕ ಇಳಿದರೆ ನಷ್ಟ ರೈತನದ್ದು, ಸಕ್ಕರೆ ಇಳಿದರೆ ಫ್ಯಾಕ್ಟರಿಯದ್ದು. ನಾಲ್ಕನೇ ದಿನ ಗಾಡಿ ಬಂತು. ಅಷ್ಟರಲ್ಲಿ ಕಬ್ಬು ಕೈಗೆತ್ತಿಕೊಂಡರೆ ಹಗುರ ಅನ್ನಿಸ್ತಿತ್ತು.

ಯಾಕೆ ಹೀಗಾಯ್ತು ಅಂತ ಕೇಳಿದಾಗ ಫ್ಯಾಕ್ಟರಿಯ ಫೀಲ್ಡ್‌ಮನ್ ಪಾಪ ಮೊಬೈಲೇ ತೆಗೆದು ತೋರಿಸಿದರು. ಮೊದಲ ಟ್ರ್ಯಾಕ್ಟರ್ ಕಾಟಾ ಆದ ಕೂಡಲೆ ನಮ್ಮ ಹೊಲದ ಮುಂದೆ 'ಕಟಾವು ಮುಗಿದಿದೆ' ಅಂತ ಬಂದಿತ್ತು. ಮುಗಿದ ಹೊಲಕ್ಕೆ ಆಪ್ ಗಾಡಿ ಯಾಕೆ ಕಳಿಸುತ್ತೆ? ಅದಕ್ಕೆ ಗೊತ್ತಿದ್ದದ್ದು ಎರಡೇ ಸ್ಥಿತಿ: ಕಡಿಯಬೇಕು, ಇಲ್ಲವೇ ಮುಗಿದಿದೆ. ಕಡಿದು ಬಿದ್ದಿದೆ, ಆದರೆ ಇನ್ನೂ ತೂಕ ಆಗಿಲ್ಲ ಅನ್ನೋದನ್ನ ಬರೆಯೋಕೆ ಅದರಲ್ಲಿ ಜಾಗವೇ ಇರಲಿಲ್ಲ. "ಕಡದ ಮ್ಯಾಲ ಅದು ನಮ್ದೂ ಅಲ್ಲ, ಫ್ಯಾಕ್ಟ್ರಿದೂ ಅಲ್ಲೋ, ಬಿಸಲಿಂದು" ಅಂದ್ರು ಕಾಕಾ.

ಹಾಸ್ಟೆಲಿಗೆ ಬಂದು ನಮ್ಮ ಮಿನಿ ಪ್ರಾಜೆಕ್ಟಿನ ಟೇಬಲ್ ತೆಗೆದು ನೋಡಿದರೆ ನಾವೂ ಅದೇ ತಪ್ಪು ಮಾಡಿದ್ವಿ. ಸಾಮಾನು ಗೋದಾಮಿನಲ್ಲಿದೆ ಅಥವಾ ರಿಗ್ಗಿನಲ್ಲಿದೆ, ಅಷ್ಟೇ. ನಿಜವಾದ ಸಾಫ್ಟ್‌ವೇರಿನಲ್ಲಿ ನಡುವಿನ ಸ್ಥಿತಿಗಳೇ ಹೆಚ್ಚು. ಕಂಟೇನರಿಗೆ ತುಂಬಿದೆ, ಜೆಟ್ಟಿಯಲ್ಲಿ ಕಾಯ್ತಿದೆ, ಹಡಗಿನಲ್ಲಿದೆ, ಪ್ಲಾಟ್‌ಫಾರಂ ಪಕ್ಕ ಹೋಗಿದೆ ಆದರೆ ಅಲೆ ಜಾಸ್ತಿ ಇದ್ದದ್ದರಿಂದ ಕ್ರೇನ್ ಎತ್ತಲಿಲ್ಲ, ವಾಪಸ್ ಬರ್ತಿದೆ. ಪ್ರತಿಯೊಂದಕ್ಕೂ ಯಾರ ಜವಾಬ್ದಾರಿ, ಎಷ್ಟು ಗಂಟೆಯಿಂದ ಅನ್ನೋದು ಇರಲೇಬೇಕು. ಇಲ್ಲದಿದ್ದರೆ ರಿಗ್ಗಿನವರು ಪೈಪ್ ಬಂದಿಲ್ಲ ಅಂತ ಇನ್ನೊಂದು ಸಲ ಕೇಳ್ತಾರೆ, ದಡದವರು ಕಳಿಸಿ ಆಗಿದೆ ಅಂತಾರೆ, ಪೈಪ್ ಮಾತ್ರ ಯಾವುದೋ ಡೆಕ್ಕಿನ ಮೇಲೆ ಊರು ಸುತ್ತುತ್ತಿರುತ್ತೆ. ಒಂದೇ ವಾಲ್ವ್‌ಗೆ ಇಬ್ಬರು ಎರಡು ಹೆಸರು ಬರೆದರಂತೂ ಮುಗೀತು. ಇದಕ್ಕಾಗಿಯೇ ಪ್ರತಿ ಸಾಮಾನಿಗೆ ಒಂದೇ ಕೋಡ್ ಕೊಟ್ಟ ದೊಡ್ಡ ಪಟ್ಟಿ ಇಟ್ಟಿರ್ತಾರೆ.

ಹವಾಮಾನದ ವಿಷಯಕ್ಕೆ ಬರೋಣ. ನಾವು ಮೊದಲು ಅದಕ್ಕೆ ಒಂದು ಕಾಲಂ ಕೊಟ್ಟಿದ್ವಿ: ಅಲೆಯ ಎತ್ತರ ಇಷ್ಟಕ್ಕಿಂತ ಹೆಚ್ಚಿದ್ದರೆ ಹಡಗು ಕಾಯಲಿ. ಮುಗೀತು ಅನ್ಕೊಂಡಿದ್ವಿ. ಆಮೇಲೆ 2005ರ ಜುಲೈ 27ರ ಬಗ್ಗೆ ಓದಿದ್ವಿ.

ಅದು ಮುಂಬೈ ಮುಳುಗಿದ ಮಹಾಮಳೆಯ ಮರುದಿನ. ಸಮುದ್ರ ಸುರಕ್ಷಾ ಅನ್ನೋ ಸಪೋರ್ಟ್ ಹಡಗಿನಲ್ಲಿ ಅಡುಗೆಯವರೊಬ್ಬರ ಬೆರಳುಗಳಿಗೆ ಪೆಟ್ಟಾಯ್ತು. ಮಳೆಗಾಳಿಗೆ ಹೆಲಿಕಾಪ್ಟರ್ ಹಾರುವಂತಿರಲಿಲ್ಲ. ಹಾಗಾಗಿ ಅವರನ್ನ ಮುಂಬೈ ಹೈ ನಾರ್ತ್ ಪ್ಲಾಟ್‌ಫಾರಂಗೆ ಕ್ರೇನಿನ ಬುಟ್ಟಿಯಲ್ಲಿ ಎತ್ತಿ ಸೇರಿಸೋಕೆ ಹಡಗು ಹತ್ತಿರ ಬಂತು. ಗಾಳಿ ಮರೆಯ ಬದಿಯ ಕ್ರೇನ್ ಕೆಲಸ ಮಾಡ್ತಿರಲಿಲ್ಲ, ಗಾಳಿ ಬೀಸೋ ಬದಿಗೇ ಬರಬೇಕಾಯ್ತು. ಅಲೆಗೆ ಹಡಗು ಎದ್ದು ಬಡಿದದ್ದು ರೈಸರ್‌ಗೆ, ಅಂದ್ರೆ ಸಮುದ್ರದ ತಳದಿಂದ ಎಣ್ಣೆ-ಗ್ಯಾಸ್ ಮೇಲೆ ತರೋ ಕೊಳವೆಗೆ. ಗ್ಯಾಸ್ ಸೋರಿ ಬೆಂಕಿ ಹತ್ತಿಕೊಂಡಿತು. ಸುಮಾರು ಎರಡು ತಾಸಿನಲ್ಲಿ ಆ ಪ್ಲಾಟ್‌ಫಾರಂ ಕುಸಿದು ಹೋಯ್ತು. ಅಲ್ಲಿದ್ದ 384 ಜನರಲ್ಲಿ 362 ಜನರನ್ನ ಉಳಿಸಿದರು, 22 ಜನ ಉಳಿಯಲಿಲ್ಲ.

ಒಂದು ಗಾಯಕ್ಕೆ ಚಿಕಿತ್ಸೆ ಕೊಡಿಸೋಕೆ ಹೋಗಿ ಆದದ್ದು ಇದು. ಇದನ್ನ ಓದಿದ ಮೇಲೆ ನಮ್ಮ ಕಾಲಂ ನೋಡಿದರೆ ನಾಚಿಕೆ ಆಯ್ತು. ಹೆಲಿಕಾಪ್ಟರ್ ಇಲ್ಲ ಅನ್ನೋದು ಒಂದು ಕಡೆ, ಕ್ರೇನ್ ಕೆಟ್ಟಿದೆ ಅನ್ನೋದು ಇನ್ನೊಂದು ಕಡೆ, ಗಾಳಿ ಯಾವ ಬದಿಯಿಂದ ಅನ್ನೋದು ಮತ್ತೊಂದು ಕಡೆ. ಒಂದೊಂದೇ ನೋಡಿದರೆ ಯಾವುದೂ ಅಷ್ಟು ದೊಡ್ಡದಲ್ಲ, ಮೂರನ್ನೂ ಒಂದೇ ಸಾಲಿನಲ್ಲಿ ಇಟ್ಟಾಗಲೇ ಅಪಾಯ ಕಾಣೋದು. ನಮ್ಮ ಟೇಬಲ್ಲಿನಲ್ಲಿ ಕ್ರೇನ್ ರಿಪೇರಿ ಮೆಂಟೆನೆನ್ಸ್ ಟೀಮಿನ ವಿಷಯ ಅಂತ ಬಿಟ್ಟಿದ್ವಿ. ಈಗ ಪ್ರತಿ ಪ್ಲಾಟ್‌ಫಾರಂನ ಪ್ರತಿ ಬದಿಯ ಕ್ರೇನಿಗೂ ಒಂದು ಸಾಲು ಇದೆ, ಅದು 'ಕೆಟ್ಟಿದೆ' ಅಂತ ಇದ್ದರೆ ಆ ಬದಿಗೆ ಯಾವ ಹಡಗನ್ನೂ ಪ್ಲಾನ್ ಮಾಡೋಕಾಗಲ್ಲ. ಗಾಳಿಗೆ ಎದುರು ಬದಿಯೊಂದೇ ಉಳಿದರೆ ಕೆಂಪು ಬರುತ್ತೆ.

ಆದರೆ ಕೆಂಪು ಬಂದ ಮೇಲೂ ಯಾರೋ ಒಬ್ಬರು ಬೇಡ ಅನ್ನಬೇಕು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬರ್ತಿದೆ ಅಂತ ಹವಾಮಾನ ಇಲಾಖೆ ದಿನಗಳ ಮೊದಲೇ ಹೇಳಿತ್ತು. ಆದರೂ ಪಿ-305 ಅನ್ನೋ ಬಾರ್ಜ್ 261 ಜನರ ಸಮೇತ ಮುಂಬೈ ಹೈ ಭಾಗದಲ್ಲೇ ಇತ್ತು. ಮೇ 17ರಂದು ಅದು ಮುಳುಗಿತು, 70ಕ್ಕೂ ಹೆಚ್ಚು ಜನ ಸತ್ತರು. ಮಾಹಿತಿ ಇರಲಿಲ್ಲ ಅಂತ ಹೇಳೋ ಹಾಗಿರಲಿಲ್ಲ. ವೈವಾದಲ್ಲಿ ನಮ್ಮ ಮೇಡಂ ಇದನ್ನೇ ಕೇಳಿದರು: "ನಿಮ್ಮ ಪ್ರೋಗ್ರಾಂ ಹಡಗು ವಾಪಸ್ ಬರಲಿ ಅಂದ್ರೆ ಅದನ್ನ ತಳ್ಳಿಹಾಕೋ ಅಧಿಕಾರ ಯಾರಿಗಿದೆ?" ನಾವು ಅಡ್ಮಿನ್‌ಗೆ ಅಂದ್ವಿ. "ಅಡ್ಮಿನ್ ಅಂದ್ರೆ ಯಾರ್ರೀ?" ಅಂದ್ರು. ಉತ್ತರ ಬರಲಿಲ್ಲ, ಎರಡು ಮಾರ್ಕ್ಸ್ ಹೋಯ್ತು. ಈಗ ಕೆಂಪನ್ನ ದಾಟಬೇಕಾದರೆ ಹೆಸರು, ಹುದ್ದೆ, ಕಾರಣ ಮೂರೂ ಬರೆಯಬೇಕು, ಬರೆದದ್ದನ್ನ ಅಳಿಸೋಕಾಗಲ್ಲ. ಇದು ಸಾಕಾ ಅಂದ್ರೆ ಸಾಲದು ಅಂತಲೇ ನಮ್ಮ ಅಭಿಪ್ರಾಯ. ಸಾಫ್ಟ್‌ವೇರಿನಿಂದ ಇಷ್ಟು ಆಗುತ್ತೆ.

ನೋಡಬೇಕು ಅನ್ನಿಸಿದವರು ಹಡಗುಗಳ ಜಾಗ ತೋರಿಸೋ ಯಾವುದಾದರೂ ಸೈಟ್ ತೆಗೆದು ಮುಂಬೈಯ ಪಶ್ಚಿಮಕ್ಕೆ ಮ್ಯಾಪ್ ಸರಿಸಿ. ಹಡಗುಗಳು ಎಐಎಸ್ ಅನ್ನೋ ರೇಡಿಯೋ ಸಿಗ್ನಲ್ ಬಿಡ್ತಾ ಇರ್ತವೆ. ನ್ಹಾವಾ ಕಡೆಯಿಂದ ಹೊರಟು ನಡುನೀರಿನಲ್ಲಿ ನಿಂತು ನಿಂತು ಹೋಗೋ ಚುಕ್ಕೆ ಸಿಕ್ಕರೆ ಅದು ಬಹುಶಃ ಯಾರಿಗೋ ಪೈಪು, ಅಕ್ಕಿ ಒಯ್ತಿರೋ ಸಪ್ಲೈ ಹಡಗು.

ಕಬ್ಬಿನ ಟ್ರ್ಯಾಕ್ಟರಿಗೆ ಅಂಥ ಸಿಗ್ನಲ್ ಇಲ್ಲ. ಹಾಗಾಗಿ ಈ ಹಂಗಾಮಿನ ರಜೆಯಲ್ಲಿ ನಾವು ಮೂವರೂ ಲೋಕಾಪುರಕ್ಕೆ ಹೋಗಿ, ಕಬ್ಬು ಕಡಿದ ಹೊತ್ತು, ಡಬ್ಬಿ ತುಂಬಿದ ಹೊತ್ತು, ಯಾರ್ಡಿಗೆ ಬಂದ ಹೊತ್ತು, ಕಾಟಾ ಆದ ಹೊತ್ತು, ಈ ನಾಲ್ಕನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳೋದು ಅಂತ ಮಾಡಿದೀವಿ. ಕಾಕಾನಿಗೆ ಫೋನ್ ಮಾಡಿ ಹೇಳಿದ್ವಿ. "ಬರ್ರಿ, ಆದ್ರ ಬರುವಾಗ ಟಾರ್ಚ್ ತರ್ರಿ, ಗಾಡಿ ಬರೂದೆಲ್ಲ ರಾತ್ರಿನ" ಅಂದ್ರು.