ರೊಟ್ಟಿಗಾಗಿ ಹೊಲದವರೆಗೆ
ಜೋಳದ ರೊಟ್ಟಿ ಬೆಂಗಳೂರಲ್ಲೇ ಸಿಗುತ್ತಲ್ಲ, ಅದಕ್ಕಾಗಿ ವಿಜಯಪುರದವರೆಗೆ ಯಾಕೆ ಹೋಗಬೇಕು ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ನಗರಕ್ಕೆ ಬರುವುದು ರೊಟ್ಟಿ ಮಾತ್ರ; ಅದು ಹಾಗೇಕಿದೆ ಅನ್ನುವ ಕಾರಣ ಊರಲ್ಲೇ ಉಳಿಯುತ್ತದೆ. ಹಿಂಗಾರಿ ಬಿಳಿಜೋಳ ಬೆಳೆಯುವುದು ಮಳೆ ಹಿಂದೆ ಸರಿದ ಮೇಲೆ, ಎರೆಮಣ್ಣು ಹಿಡಿದಿಟ್ಟ ತೇವದಲ್ಲಿ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ, ಹಾಗಾಗಿ ಕುದಿವ ನೀರು ಬೇಕು, ಚೆನ್ನಾಗಿ ನಾದುವ ಕೈ ಬೇಕು. ತಟ್ಟುವಾಗ ಅಂಗೈ ಒಂದೇ ಲಯದಲ್ಲಿ ಬೀಳುತ್ತದೆ, ರೊಟ್ಟಿ ತಿರುಗುತ್ತಲೇ ಅಗಲವಾಗುತ್ತದೆ. ಹಂಚಿಗೆ ಹಾಕಿ ಒದ್ದೆ ಬಟ್ಟೆ ಸವರಿದರೆ ಮೇಲಿನ ಒಣಹಿಟ್ಟು ಮಾಯ; ತಿರುವಿ ಹಾಕಿದಾಗ ಆವಿ ತುಂಬಿ ಉಬ್ಬುತ್ತದೆ.

ಪ್ರವಾಸಿಗರು ಹೆಚ್ಚಾದರೆ ಊಟವೇ ಪ್ರದರ್ಶನವಾಗಿಬಿಡುತ್ತದೆ ಅನ್ನುವ ಆತಂಕವೂ ನಿಜ. ಅದಕ್ಕೇ ಹೋಟೆಲ್ ಪಟ್ಟಿ ಬಿಟ್ಟು ಪಂಚಾಂಗ ನೋಡಿ ಹೊರಡಿ. ಡಿಸೆಂಬರ್ ಅಥವಾ ಜನವರಿಯಲ್ಲಿ ಬರುವ ಎಳ್ಳಮಾವಾಸ್ಯೆಗೆ ರೈತರು ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಬರುತ್ತಾರೆ. ಮೊದಲ ತುತ್ತು ಚರಗವಾಗಿ ಬೆಳೆಗೆ ಸಲ್ಲುತ್ತದೆ. ಆಮೇಲೆ ಬುತ್ತಿ ಬಿಚ್ಚಿ, ನಂಟರು, ನೆರೆಯವರು ಎಲ್ಲರನ್ನೂ ಕರೆದು ಊಟಕ್ಕೆ ಕೂರಿಸುತ್ತಾರೆ.