ವಿಮಾನದ ಶಬ್ದ ತಗ್ಗುವುದರ ಮೌಲ್ಯವನ್ನು ಅಳೆಯುವ ಬಗೆ

1951ರಲ್ಲಿ ಆರಂಭಗೊಂಡ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ ಅನುಕೂಲ ವಂಡ್ಸೆಯ ಪ್ರಯಾಣಿಕರಿಗೂ ದೊರೆಯುತ್ತದೆ. ಶಬ್ದದ ಹೊರೆ ನಿಲ್ದಾಣದ ನೆರೆಯ ನಿವಾಸಿಗಳದ್ದಾಗಿರುತ್ತದೆ. ಡೆಸಿಬೆಲ್ ಮಾಪಕವು ಶಬ್ದವನ್ನು ಅಳೆಯುತ್ತದೆಯೇ ಹೊರತು ಕೆಟ್ಟ ನಿದ್ರೆಯನ್ನಲ್ಲ. ಶಬ್ದ ತಗ್ಗುವುದಕ್ಕೆ ನಿವಾಸಿಗಳು ನೀಡುವ ಮೌಲ್ಯವನ್ನು ಅರಿಯಲು ಈ ಕೆಳಗಿನ ಎರಡು ವಿಧಾನಗಳು ರೂಢಿಯಲ್ಲಿವೆ.

1. ಹಾರಾಟದ ಪಥದ ಕೆಳಗಿನ ಹಾಗೂ ದೂರದ, ಒಂದೇ ಬಗೆಯ ಮನೆಗಳ ಬಾಡಿಗೆ ಮತ್ತು ಬೆಲೆಗಳನ್ನು ಹೋಲಿಸುವುದು.

2. ರಾತ್ರಿಯ ಶಬ್ದ ತಗ್ಗಿದಲ್ಲಿ ಮಾಸಿಕ ಎಷ್ಟು ಪಾವತಿಸಲು ಸಿದ್ಧರೆಂದು ನಿವಾಸಿಗಳನ್ನೇ ವಿಚಾರಿಸುವುದು.

ಬಡ ಕುಟುಂಬವು ಕಡಿಮೆ ಮೊತ್ತವನ್ನು ತಿಳಿಸಿದಲ್ಲಿ ಅದು ಪಾವತಿಸುವ ಶಕ್ತಿಯ ಮಿತಿಯೇ ಹೊರತು ತೊಂದರೆಯ ಅಳತೆಯಲ್ಲ. ಆದುದರಿಂದ ಉತ್ತರಗಳನ್ನು ವರಮಾನದೊಂದಿಗೆ ಹೋಲಿಸಿ ಪರಿಶೀಲಿಸುವುದು ಅವಶ್ಯ. ಸಮೀಕ್ಷೆಯಲ್ಲಿ ಮೊತ್ತ ತಿಳಿಸಿದ ಮಾತ್ರಕ್ಕೆ ಅದನ್ನು ಪಾವತಿಸುವ ಹೊಣೆ ಬರುವುದಿಲ್ಲವಾದ್ದರಿಂದ, ನಿವಾಸಿಗಳು ನಿಸ್ಸಂಕೋಚವಾಗಿ ವಾಸ್ತವಾಂಶವನ್ನೇ ತಿಳಿಸಬಹುದಾಗಿದೆ.